ಗಾಡಿ ನಿಲ್ಲಿಸುವ ಅಂಗಳದ ಇಳಿಜಾರು

ಎತ್ತುಗಳ ಕೊರಳಿನಿಂದ ನೊಗ ಇಳಿಸಿದ ಕೂಡಲೇ ಬೆಲ್ಲ ಹೇರಿದ್ದ ಗಾಡಿ ಹಿಂದಕ್ಕೆ ಉರುಳತೊಡಗಿತು. ನಂಜನಗೂಡಿನ ಹೊಳೆದಾರಿಯಲ್ಲಿರುವ ಆ ಅಂಗಳದಲ್ಲಿ ಬಾಡಿಗೆ ಕೊಟ್ಟು ಗಾಡಿ ನಿಲ್ಲಿಸುತ್ತಾರೆ. ನಾನು ಬಾಗಿಲ ಬಳಿ ನಿಂತಿದ್ದೆ. ಗೋಡೆಗೆ ಒರಗಿ ಬುತ್ತಿ ಉಣ್ಣುತ್ತಿದ್ದ ದೇವನೂರಿನ ರೈತನೊಬ್ಬನಿಗೆ ಏಳಲು ಆಗಲಿಲ್ಲ. ಗಾಲಿ ಅವನ ಮೊಣಕಾಲನ್ನು ಗೋಡೆಗೆ ಒತ್ತಿ ನಿಂತಿತು. ಜನ ಸೇರಿ ಗಾಡಿಯನ್ನು ಎಳೆದಾಗ ಕಾಲು ತಿರುಚಿಕೊಂಡಿತ್ತು.

ಅಂಗಳದ ಯಜಮಾನರು ಬಂದು ನೋಡಿ, ಗಾಯಗೊಂಡವನ ಹೆಂಡತಿಗೆ, "ಗಾಡಿ ನಂದಲ್ಲ ಕಣಮ್ಮ. ಹೊಡ್ಕೊಂಡು ಬಂದೋನ್ನ ಕೇಳು," ಎಂದರು.

ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದನಿ ಏರಿಸಲಿಲ್ಲ. "ಗಾಡಿ ನಿಮ್ದಲ್ಲ ಸಾ. ಇಳಿಜಾರು ಯಾರ್ದು? ಗಾಲಿಗೆ ಕೊಡೋ ಕಲ್ಲು ಓದ್ಸಲ ಇಲ್ಲೇ ಬಿದ್ದಿದ್ದೊ. ಎತ್ಸಿ ಗೋಡೆಗೆ ಕಟ್ಸಿದ್ರಲ್ಲ. ಇನ್ನು ನಮ್ ಗದ್ದೆಗೆ ಯಾರ್ ಇಳೀತಾರೆ, ನೀವ್ ಬತ್ತೀರಾ?"

ಯಜಮಾನರು ಗೋಡೆಯ ಕಡೆ ನೋಡಿದರು. ಆಮೇಲೆ ತಮ್ಮ ಗಾಡಿ ಕಟ್ಟಿಸಿ, ಅವನನ್ನು ಮಲಗಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ತಾವೇ ಹೊರಟರು. ಆ ಕಾಲು ಉಳಿಯಿತೋ ಇಲ್ಲವೋ ನನಗೆ ತಿಳಿದಿಲ್ಲ.

ಚಿಕ್ಕಯ್ಯನಛತ್ರದಲ್ಲಿ ನಮ್ಮ ಮನೆಯ ಮುಂದೆಯೂ ಸಂತೆಗೆ ಹೋಗುವ ಗಾಡಿಗಳು ನಿಲ್ಲುತ್ತವೆ. ಆ ನೆಲ ನಮ್ಮದು. ಈಗ ಅಲ್ಲಿ ಗಾಡಿ ಬಂದು ನಿಂತ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೊರಗೆ ಹೋಗಿ, ಗಾಲಿಗೆ ಕಲ್ಲು ಕೊಟ್ಟಿದ್ದಾರೆಯೇ ನೋಡುತ್ತೇನೆ.