ಅಳುವವರು ಧಣ್ಯಾರು

ನಾನು ಸಂಡೇ ಸ್ಕೂಲಿನ ಟೀಚರ್ ಆದದ್ದು ಬೇರೆ ಯಾರೂ ಸಿಗದೆ. ವರ್ಷಾನುಗಟ್ಟಲೆ ನಮ್ಮ ಚರ್ಚಿನ ಮಕ್ಕಳಿಗೆ ಪಾಠ ಹೇಳಿದ ಟೀಚರಕ್ಕ ತಮ್ಮ ಮಗಳ ಬಾಣಂತನಕ್ಕೆಂದು ಗದಗಿಗೆ ಹೋದರು. ಆರಾಧನೆ ಮುಗಿಸಿ ನಾನು ಲಗುಬಗೆಯಲ್ಲಿ ಸ್ಕೂಟಿಯ ಕಡೆ ಹೊರಟಿದ್ದಾಗ ಪಾಸ್ಟರ್ ಮೆಟ್ಟಿಲ ಹತ್ತಿರವೇ ಹಿಡಿದರು.

"ಅಕ್ಕಾರ, ನಾಲ್ಕ ವಾರ ಮಕ್ಕಳನ್ನ ನೋಡ್ಕೋರಿ."

"ನನಗ ಪಾಠ ಗೀಠ ಬರೂದಿಲ್ರಿ ಪಾಸ್ಟರ್. ನಾ ಹಳೀ ಬಾಗಲಾ ಮಾರಾಕಿ."

"ಹಳೀ ಬಾಗಲಾ ಮಾರಾಕ ಎಷ್ಟ ಮಾತ ಬೇಕು ಅನ್ನೂದು ನನಗ ಗೊತ್ತೈತ್ರಿ. ಅದರಾಗ ಕಾಲು ಭಾಗ ಮಕ್ಕಳಿಗೆ ಹೇಳ್ರಿ, ಸಾಕು."

ಎರಡು ವಾರ ಎಂದೆ. ಅವರು ನಾಲ್ಕಕ್ಕೇ ನಿಂತರು. ಕೊನೆಗೆ ಮೂರಕ್ಕೆ ಮುಗಿಯಿತು.

ಕೆಡವುವ ಮನೆಗಳ ಬಾಗಿಲು, ಕಿಟಕಿ, ಚೌಕಟ್ಟು ಕೊಂಡು ತಂದು, ತಿಕ್ಕಿ, ಪಾಲಿಶ್ ಹಚ್ಚಿ ಮಾರುವುದು ನನ್ನ ಉದ್ಯೋಗ. ತಾರಿಹಾಳದಲ್ಲಿ ಒಂದು ಶೆಡ್ಡಿದೆ. ಯಾರೂ ಕೈ ಹಿಡಿದು ಕಲಿಸಿದ್ದಲ್ಲ. ಮೋಸ ಹೋಗಿ ಹೋಗಿ ಕಲಿತದ್ದು. ಹಳೆಯ ಬಾಗಿಲು ಕೊಳ್ಳುವ ವಿಚಾರ ಇದ್ದವರಿಗೆ ಹೇಳುತ್ತೇನೆ, ಹಲಗೆಯ ಹೊಳಪು ನೋಡಬೇಡಿ, ಚೌಕಟ್ಟಿನ ಕಾಲು ನೋಡಿ. ನೆಲದ ತೇವ ಕುಡಿದು ಕಾಲು ಮೆತ್ತಗಾಗಿರುತ್ತದೆ, ಮೇಲೆ ಬಣ್ಣ ಬಳಿದಿರುತ್ತಾರೆ. ಹೆಬ್ಬೆರಳಿನ ಉಗುರು ಒತ್ತಿದರೆ ಗೊತ್ತಾಗುತ್ತದೆ. ಮರದ ವಿಷಯದಲ್ಲಿ ಇಷ್ಟು ಜಾಣೆಯಾದ ನಾನು ಮನೆಯೊಳಗಿನ ಒಂದು ಮಗುವಿನ ವಿಷಯದಲ್ಲಿ ಮೂರು ತಿಂಗಳು ಬರೀ ಹೊಳಪು ನೋಡುತ್ತಿದ್ದೆ.

ಮಗಳಿಗೆ ಒಂಬತ್ತು ವರ್ಷ. ಅವಳನ್ನು ಸಾಕಿದವಳು ನನ್ನವ್ವ. ಮಗಳ ಬಾಯಲ್ಲಿ ಅವಳು 'ಆಯಿ'. ಗಂಡನಿಗೆ ರೈಲ್ವೆ ಕೆಲಸ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ನಾನು ಬೆಳಿಗ್ಗೆ ಬಿಟ್ಟರೆ ಕತ್ತಲಾದ ಮೇಲೆಯೇ ಮನೆ ಸೇರುವವಳು. ಜಡೆ, ಡಬ್ಬಿ, ಮಗ್ಗಿ, ಪ್ರಾರ್ಥನೆ ಎಲ್ಲ ಆಯಿಯ ಪಾಲಿಗೆ. ಕ್ರಿಸ್‌ಮಸ್ಸಿಗೆ ಇನ್ನೂ ಹದಿನೈದು ದಿನ ಇದ್ದಾಗ ಒಂದು ಸಂಜೆ ಆಯಿ ಕುರ್ಚಿಯಲ್ಲಿ ಕೂತಲ್ಲೇ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಮಗಳ ಅಳು ನಿಲ್ಲಲಿಲ್ಲ. ಬಂದವರಿಗೆ ಚಹಾ, ಕುರ್ಚಿ, ದೂರದವರಿಗೆ ಬಸ್ಸಿನ ಸಮಯ, ನೂರು ಕೆಲಸ. ಅವಳ ಅಳುವ ಸದ್ದು ನನ್ನ ತಲೆಯೊಳಗೆ ಗರಗಸದಂತೆ ಓಡುತ್ತಿತ್ತು. ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಹೇಳಿದೆ:

"ನೋಡು, ನೀ ಅಳೂದ ನಿಲ್ಲಿಸಿದ್ರ ಸೈಕಲ್ ಕೊಡಸ್ತೇನಿ. ಆದ್ರ ಪೂರಾ ನಿಲ್ಲಿಸಬೇಕು. ಮತ್ತ ಅಳಬಾರದು."

ಅವಳು ಎರಡೂ ಅಂಗೈಯಿಂದ ಮುಖ ಗಸಗಸ ಒರೆಸಿಕೊಂಡಳು. ಬಿಕ್ಕು ನುಂಗಿ ಕೇಳಿದಳು: "ಗೇರ್ ಇದ್ದದ್ದು?"

"ಗೇರ್ ಇದ್ದದ್ದು."

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಹೊರಗೆ ಬಂದು ಅತ್ತಿಗೆಯ ಮುಂದೆ ಹೇಳಿಯೂಬಿಟ್ಟೆ, ನನ್ನ ಮಗಳು ನನ್ನಂಗ ಅದಾಳ ಎಂದು.

ಅವಳು ಮಾತು ಉಳಿಸಿಕೊಂಡಳು. ಮೂರು ತಿಂಗಳು ಒಂದು ಹನಿ ಇಲ್ಲ. ಸಾಲೆಯಿಂದ ಬಂದು ಸೈಕಲ್ ಹತ್ತಿದರೆ ಅಂಗಳದಲ್ಲಿ ಸುತ್ತು, ಸುತ್ತು, ಸುತ್ತು. ಊಟಕ್ಕೆ ಕರೆದರೂ ಇಳಿಯುತ್ತಿರಲಿಲ್ಲ. ಅಂಗಿಯ ತೋಳಿನ ಅಂಚು ಕಚ್ಚಿ ಕಚ್ಚಿ ತೂತು ಮಾಡಿಕೊಂಡಿದ್ದಳು. ಎರಡು ಹೊಸ ಯೂನಿಫಾರ್ಮ್ ತಂದೆ. ಅವೂ ತೂತಾದವು. ಆಯಿಯ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದಳು, ನನ್ನೊಡನೆ ಹೂಂ, ಊಹೂಂ ಬಿಟ್ಟು ಮಾತಿಲ್ಲ. ನನಗೂ ಒಳಗೆ ಏನೋ ಕೊರೆಯುತ್ತಿತ್ತು. ಶೆಡ್ಡಿನಲ್ಲಿ ನಿಂತಲ್ಲಿ ನಿಲ್ಲಲಾರೆ, ಮನೆಯಲ್ಲಿ ಕೂತಲ್ಲಿ ಕೂರಲಾರೆ. ಆದರೆ ಮುಗಿದ ವ್ಯವಹಾರವನ್ನು ಮತ್ತೆ ಬಿಚ್ಚಬಾರದು ಎನ್ನುವುದು ನನ್ನ ರೂಢಿ.

ಅಂಥ ಹೊತ್ತಿನಲ್ಲಿ ಮಕ್ಕಳಿಗೆ ಹೇಳಬೇಕಾಗಿ ಬಂದ ಪಾಠ ಯಾವುದು? ಸಂತೋಷ. ಯೇಸುಸ್ವಾಮಿ ಗುಡ್ಡದ ಮೇಲೆ ಕೂತು ಯಾರು ಯಾರು ಧನ್ಯರು ಎಂದು ಜನರಿಗೆ ಹೇಳಿದ ಪಾಠ.

ನಾನು ಪುಸ್ತಕ ತೆರೆಯಲೇ ಇಲ್ಲ. ಚಿಕ್ಕಂದಿನಿಂದ ಬಾಯಿಪಾಠ ಆದದ್ದನ್ನು ಯಾರು ತಿರುಗಿ ಓದುತ್ತಾರೆ? ಆಗ ನನ್ನವ್ವ ಉಣಕಲ್ಲಿನ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆ ಮನೆಯ ಯಜಮಾನರನ್ನು ಎಲ್ಲರೂ 'ಧಣ್ಯಾರು' ಎನ್ನುತ್ತಿದ್ದರು. ಧಣ್ಯಾರು ಬಂದ್ರು, ಧಣ್ಯಾರು ಉಂಡ್ರು, ಸದ್ದು ಮಾಡಬ್ಯಾಡ, ಧಣ್ಯಾರು ಮಲಗ್ಯಾರ. ಭಾನುವಾರ ಚರ್ಚಿನಲ್ಲಿ ಹಲ್ಲಿಲ್ಲದ ಹಿರಿಯರೊಬ್ಬರು ಓದುವಾಗ ನನ್ನ ಕಿವಿಗೆ ಬಿದ್ದದ್ದೂ ಅದೇ: ಬಡವರು ಧಣ್ಯಾರು, ಅಳುವವರು ಧಣ್ಯಾರು. ದೇವರು ಲೇಸಾದ ಸೌದಾ ಹೇಳುತ್ತಿದ್ದಾನೆ ಎನಿಸಿತು. ಈಗ ಅತ್ತರೆ ಮುಂದೆ ಧಣಿಯಾಗುವುದು. ಆ ಮಾತಿನ ಮೇಲೆಯೇ ನಾನು ಬೆಳೆದೆ, ಶೆಡ್ಡು ಕಟ್ಟಿದೆ, ಮೂವರಿಗೆ ಕೆಲಸ ಕೊಟ್ಟೆ. ಅಳುವ ಪಾಳಿ ನನ್ನವ್ವನದೂ ನನ್ನದೂ ಆಗಿಹೋಗಿದೆ, ಮಗಳಿಗೆ ಅದರ ಅಗತ್ಯ ಇಲ್ಲ ಎಂದುಕೊಂಡಿದ್ದೆ.

ಚರ್ಚಿನ ಹಿಂದಿನ ಕೋಣೆಯಲ್ಲಿ ಹನ್ನೊಂದು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ನನ್ನ ಮಗಳು ಗೋಡೆಗೆ ಒರಗಿ, ತೋಳಿನ ಅಂಚು ಬಾಯಲ್ಲಿಟ್ಟುಕೊಂಡು. ಹನ್ನೆರಡಕ್ಕೆ ರಾಯಾಪುರದಲ್ಲಿ ಒಂದು ಹಳೆಯ ಮನೆಯ ಸಾಗವಾನಿ ಬಾಗಿಲು ನೋಡುವುದಿತ್ತು. ಇನ್ನೊಬ್ಬ ವ್ಯಾಪಾರಿಯೂ ಅದರ ಮೇಲೆ ಕಣ್ಣಿಟ್ಟಿದ್ದ. ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟುಕೊಂಡೇ ಶುರು ಮಾಡಿದೆ.

"ಖುಷಿ ಅಂದ್ರ ಏನು? ಹೇಳಿದವರಿಗೆ ಚಾಕ್ಲೇಟ್."

"ಗಿರಮಿಟ್ ತಿನ್ನೂದ್ರಿ!"

"ಸಾಲಿ ಸೂಟಿರಿ!"

"ನಮ್ಮಪ್ಪ ಲಗೂ ಮನಿಗೆ ಬಂದ್ರ ಖುಷಿರಿ."

"ಅವರಪ್ಪ ಲಗೂ ಬಂದ್ರ ಅವರಮ್ಮಗ ಖುಷಿ ಆಗೂದಿಲ್ರಿ ಟೀಚರ್, ಜಗಳಾ ಚಾಲೂ ಆಗತೈತ್ರಿ!"

ಎಲ್ಲರೂ ನಕ್ಕರು. ನಾನು ಚಾಕ್ಲೇಟ್ ಹಂಚಿ, ಗುಡ್ಡದ ಕತೆ ಹೇಳಿ, ಮುಖ್ಯ ಮಾತಿಗೆ ಬಂದೆ. "ಯೇಸುಸ್ವಾಮಿ ಏನ್ ಹೇಳ್ಯಾನ? ಬಡವರು ಧಣ್ಯಾರು ಆಕ್ಕಾರ. ಅಳೋರು ಧಣ್ಯಾರು ಆಕ್ಕಾರ. ಎಲ್ಲಾರೂ ಹೇಳ್ರಿ."

"ಅಳೋರು ಧಣ್ಯಾರು ಆಕ್ಕಾರ!" ಹನ್ನೊಂದರಲ್ಲಿ ಹತ್ತು ದನಿ.

ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು. "ಟೀಚರ್, ನಮ್ಮ ತಮ್ಮ ದಿನಾ ಅಳ್ತಾನ್ರಿ. ಅಂವಾ ಯಾವಾಗ ಧಣಿ ಆಕ್ಕಾನ್ರಿ?"

"ಬರೇ ಅತ್ರ ಆಗೂದಿಲ್ಲವ್ವಾ, ಅತ್ತು ಮುಗಿಸಿ ದುಡೀಬೇಕು." ಇಂಥ ಉತ್ತರಗಳು ನನ್ನ ಬಾಯಲ್ಲಿ ಸದಾ ತಯಾರಿರುತ್ತವೆ.

ಆಗ ಗೋಡೆಯ ಕಡೆಯಿಂದ ನನ್ನ ಮಗಳ ದನಿ ಬಂತು. ಮನೆಯಲ್ಲಿ ಮಮ್ಮಿ ಎನ್ನುವವಳು ಅಲ್ಲಿ ಎಲ್ಲರಂತೆ ಕೇಳಿದಳು: "ಟೀಚರ್, ಅಳಲಾರದೋರಿಗೆ ಏನ್ ಸಿಗತೈತ್ರಿ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಹುಡುಗಿ ಕೂಗಿದಳು: "ಸೈಕಲ್! ಇಕಿಗೆ ಅಳಲಾರದ್ದಕ್ಕ ಸೈಕಲ್ ಸಿಕ್ಕೈತ್ರಿ ಟೀಚರ್!"

ಕೋಣೆ ತುಂಬ ನಗು. ನನ್ನ ಮಗಳು ನಗಲಿಲ್ಲ. ಬಾಯಿಂದ ತೋಳು ತೆಗೆದು, ನಿಧಾನವಾಗಿ, ಅಂಗಡಿಯಲ್ಲಿ ಸಾಮಾನು ಮರಳಿಸುವವರ ಹಾಗೆ ಹೇಳಿದಳು:

"ನಾ ಸೈಕಲ್ ವಾಪಸ್ ಕೊಡ್ತೇನ್ರಿ. ನನಗ ಅಳೂದೈತ್ರಿ."

ನಗು ನಿಂತಿತು. ಹತ್ತು ಮಕ್ಕಳು ನನ್ನ ಮುಖ ನೋಡಿದರು. ನಾನು ಗಡಬಡಿಸಿ ಕಣ್ಣು ಮುಚ್ಚಿಸಿ, ಅರ್ಧ ಪ್ರಾರ್ಥನೆ ಹೇಳಿ, ಎಲ್ಲರನ್ನೂ ಮನೆಗೆ ಕಳಿಸಿದೆ.

ಪಾಸ್ಟರ್ ಹೊರಗೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರ ಮೇಲೆಯೇ ಹರಿಹಾಯ್ದೆ. "ಎಂಥಾ ಪಾಠ ಕೊಟ್ರಿ ನೀವು? ಅಳೋರು ಧಣಿ ಆಕ್ಕಾರ ಅಂತ ಹೇಳಿದ್ರ ಮಕ್ಕಳು ಅಳಾಕ ನಿಂತಾರ."

"ಧಣಿ? ಯಾವ ಧಣಿ?"

ಹೇಳಿದೆ. ಅವರು ನೀರಿನ ಪೈಪು ಕೆಳಗಿಟ್ಟು ನಗತೊಡಗಿದರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಧಣ್ಯಾರು ಅಲ್ರಿ ಅಕ್ಕಾರ, ಧನ್ಯರು. ಅಳೋರು ದೇವರಿಗೆ ಹತ್ತರ ಅದಾರ, ಅವರಿಗೆ ಸಮಾಧಾನ ಸಿಗತೈತಿ, ಅಷ್ಟ. ದೊಡ್ಡವರಾಗೂದು, ಶ್ರೀಮಂತರಾಗೂದು ಅದರಾಗ ಎಲ್ಲೂ ಇಲ್ಲ."

"ಸಮಾಧಾನ ನಾ ಮಾಡೀನಲ್ರಿ ನನ್ನ ಮಗಳಿಗೆ."

"ಹೆಂಗ ಮಾಡಿದ್ರಿ?"

ನಾನು ಸ್ಕೂಟಿಯ ಕೀಲಿ ಹುಡುಕತೊಡಗಿದೆ. ಕೀಲಿ ನನ್ನ ಕೈಯಲ್ಲಿಯೇ ಇತ್ತು.

ಹನ್ನೊಂದು ಮುಕ್ಕಾಲಾಗಿತ್ತು. ಮಗಳನ್ನು ಹಿಂದೆ ಕೂರಿಸಿಕೊಂಡು ರಾಯಾಪುರದ ಕಡೆ ಓಡಿಸಿದೆ. ಬಾಗಿಲು ನೋಡೋಣ, ಆಮೇಲೆ ಮಾತಾಡೋಣ, ದಾರಿಯಲ್ಲಿ ಐಸ್‌ಕ್ರೀಂ ಕೊಡಿಸಿದರಾಯಿತು ಎಂದು ಲೆಕ್ಕ ಹಾಕುತ್ತಲೇ ಇದ್ದೆ. ನಲವತ್ತು ವರ್ಷ ತಪ್ಪಾಗಿ ಕೇಳಿಸಿಕೊಂಡ ಒಂದು ಮಾತು ಬೇರೆ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಉಣಕಲ್ ಕೆರೆ ಬಂದಾಗ ಬೆನ್ನಿಗೆ ಒಂದು ಬೆರಳು ತಾಗಿತು.

"ಮಮ್ಮಿ, ಇಲ್ಲಿ ನಾ ಅಳ್ಲಿ?"

ಗಾಡಿ ನಿಲ್ಲಿಸಿದೆ. ಕೆರೆಯ ದಂಡೆಯ ಕಲ್ಲುಬೆಂಚಿನ ಮೇಲೆ ಅವಳು ಹೋಗಿ ಕೂತಳು. ನಾನು ಗಾಡಿಯ ಹತ್ತಿರ ಹೋಗುತ್ತ, ಅವಳ ಹತ್ತಿರ ಬರುತ್ತ, ಹೋಗುತ್ತ, ಬರುತ್ತ. ಅವಳು ಕಣ್ಣು ಕಿವುಚಿದಳು, ಬಾಯಿ ಸೊಟ್ಟ ಮಾಡಿದಳು. ಏನೂ ಬರಲಿಲ್ಲ.

"ಬರವಲ್ದು ಮಮ್ಮಿ."

"ಆಯಿನ್ನ ನೆನಸ್ಕೋ. ಆಕಿ ಜಡಿ ಹಾಕೂದ ನೆನಸ್ಕೋ." ಅಳುವುದರಲ್ಲೂ ನಾನು ಸಲಹೆ ಕೊಡುತ್ತಿದ್ದೆ.

ಅವಳು ನನ್ನನ್ನೇ ನೋಡಿದಳು. "ನೀನೂ ಅತ್ತಿಲ್ಲ. ನಿನಗ ಯಾರ್ ಏನ್ ಕೊಡ್ತೇನಿ ಅಂದಿದ್ರು?"

ಎಷ್ಟೋ ಚಾಣಾಕ್ಷರ ಜೊತೆ ಚೌಕಾಶಿ ಮಾಡಿದ್ದೇನೆ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಯಾರೂ ಏನೂ ಕೊಡುತ್ತೇನೆ ಎಂದಿರಲಿಲ್ಲ. ನಾನು ಪುಕ್ಕಟೆ ಅಳದೆ ಇದ್ದೆ.

ಅಷ್ಟರಲ್ಲಿ ಅವಳ ಗಲ್ಲ ನಡುಗಿತು. ಆಮೇಲೆ ಬಂತು ನೋಡಿ, ಮೂರು ತಿಂಗಳ ಅಳು. ದಾರಿಯಲ್ಲಿ ಹೊರಟಿದ್ದ ಇಬ್ಬರು ಹೆಣ್ಣುಮಕ್ಕಳು ನಿಂತು ನೋಡಿದರು. "ಯಾಕ ಹೊಡದ್ರಿ ಕೂಸಿಗೆ?" ಎಂದು ಒಬ್ಬರು ಕೇಳಿಯೇಬಿಟ್ಟರು. ಹೊಡೆದಿಲ್ಲ ಎಂದೆ. ಅವರು ನಂಬದೆ ಹೋದರು.

ಫೋನ್ ರಿಂಗಾಯಿತು. ರಾಯಾಪುರದವರು. ಕೈ ತಾನೇ ಎತ್ತಿತು, ಬಾಯಿ ತಾನೇ ಹೇಳಿತು: "ಹತ್ತ ಮಿನಿಟಿನ್ಯಾಗ ಬಂದೇರಿ, ಯಾರಿಗೂ ಕೊಡಬ್ಯಾಡ್ರಿ."

ಆ ಮಾತು ಕೇಳಿದ ಕೂಡಲೇ ಮಗಳು ಎರಡೂ ಅಂಗೈಯಿಂದ ಮುಖ ಗಸಗಸ ಒರೆಸಿಕೊಂಡು ಎದ್ದು ನಿಂತಳು. "ಆತು. ನಡಿ."

ಇಷ್ಟು ಬೇಗ ಅಳು ಮುಗಿಸಲು ಅವಳಿಗೆ ಕಲಿಸಿದವಳು ನಾನು. ಮತ್ತೆ ಫೋನ್ ಹಚ್ಚಿದೆ. ಬರಲಾಗುವುದಿಲ್ಲ, ಬೇರೆಯವರಿಗೆ ಕೊಡಿ ಎಂದೆ. ಆ ಕಡೆಯವರು ನಂಬಲಾರದೆ, "ಯಾಕ್ರಿ ಅಕ್ಕಾರ, ದರಾ ಇಳಸಾಕ ಹೊಸಾ ನಾಟಕೇನು?" ಎಂದರು. ಅಲ್ಲರಿ ಎಂದು ಫೋನ್ ಇಟ್ಟೆ. ಸುಳ್ಳು ಹೇಳುವುದಿಲ್ಲ, ಅವರು ಕಳಿಸಿದ್ದ ಫೋಟೋ ಇನ್ನೊಮ್ಮೆ ತೆಗೆದು ನೋಡಿದೆ. ಒಳ್ಳೆಯ ಕೆತ್ತನೆಯ ಬಾಗಿಲು.

"ಕೂಡು. ನಿಂದು ಇನ್ನಾ ಮುಗಿದಿಲ್ಲ," ಎಂದೆ.

ಅವಳು ಅನುಮಾನದಿಂದ ಕೂತಳು. ಕೆರೆಯ ಕಡೆ ಮುಖ ಮಾಡಿ ತೋಳಿನ ಅಂಚು ಬಾಯಿಗೆ ಒಯ್ದಳು, ಬಿಟ್ಟಳು. ಅಂಥ ಹೊತ್ತಿನಲ್ಲಿ ನನಗೆ ಕಾಲು ತುರಿಸುತ್ತದೆ, ಏನಾದರೂ ಹೇಳಬೇಕೆನಿಸುತ್ತದೆ. ಹೇಳಲಿಲ್ಲ.

"ಅವತ್ತ ಆಯಿ ನನ್ನ ಕರದಿದ್ಲು. ನೀರ ಕೊಡು ಅಂತ. ನಾ ಆಟಾ ಆಡಾಕತ್ತಿದ್ದೆ. ಬಂದೆ ತಡಿ ಅಂದೆ. ಹೋಗ್ಲಿಲ್ಲ."

ಮೂರು ತಿಂಗಳು ಅವಳು ಅಂಗಳದಲ್ಲಿ ಸುತ್ತಿದ್ದು ಇದರ ಸುತ್ತ. ಅತ್ತಿದ್ದರೆ ಅವತ್ತೇ ಹೊರಗೆ ಬರುತ್ತಿತ್ತು. ನಾನೇ ಬಾಯಿ ಕಟ್ಟಿದ್ದೆ.

ಅದೇನ್ ದೊಡ್ಡದಲ್ಲ ಬಿಡು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಕ್ಕಳಿದ್ದವರಿಗೆ ಒಂದು ಮಾತು ಹೇಳಬಹುದಾದರೆ ಇಷ್ಟೇ: ಆ ಮಾತನ್ನು ನುಂಗಿರಿ. ಅದರ ಬದಲು ನಿಮ್ಮ ಹತ್ತಿರ ಖರೇ ಇದ್ದದ್ದನ್ನು ತೆಗೆಯಿರಿ. ನನ್ನ ಹತ್ತಿರ ಇದ್ದದ್ದು ಒಂದೇ. ಅದನ್ನು ಯಾರ ಮುಂದೆಯೂ, ಗಂಡನ ಮುಂದೆಯೂ ತೆಗೆದಿರಲಿಲ್ಲ.

"ನನ್ನೂ ಕರದಿದ್ಲು," ಎಂದೆ. "ಅವತ್ತ ಸಂಜೀಕ ಫೋನ್ ಮಾಡಿದ್ಲು. ಬಾಗಲಾ ಕೊಳ್ಳೋ ಪಾರ್ಟಿ ಜೋಡಿ ಮಾತಾಡಾಕತ್ತಿದ್ದೆ, ಎತ್ತಲಿಲ್ಲ."

"ಎಷ್ಟ ಸಲ ಮಾಡಿದ್ಲು?"

"ಎರಡ ಸಲ."

ಅವಳು ಅದನ್ನು ಕೇಳಿಸಿಕೊಂಡಳು. ನನ್ನ ಮುಖ ನೋಡಿದಳು. ನನ್ನ ಮುಖದ ಮೇಲೆ ಏನಿತ್ತೋ, ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ನಾನು ಅಷ್ಟು ಹೊತ್ತೂ ನಿಂತೇ ಇದ್ದೆ ಎಂಬುದು ಆಗ ತಿಳಿಯಿತು. ಹೋಗಿ ಕೂತೆ.