ಮಡಿಲಲ್ಲಿ ಬಂದ ಹೆಪ್ಪು

ಕುದಿಸಿ ಆರಿಸಿದ ನೀರಿನ ಬಾಟಲಿಯಿಲ್ಲದೆ ನಾನು ಮದುವೆ ಮನೆಗೂ ಹೋಗುವವನಲ್ಲ. ಹೋಟೆಲಿನಲ್ಲಿ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ; ಏನೂ ಕಾಣದಿದ್ದರೆ ಭಯ ಇನ್ನೂ ಹೆಚ್ಚುತ್ತದೆ, ಏಕೆಂದರೆ ನಾನು ಹೆದರುವ ಜೀವಿಗಳು ಕಣ್ಣಿಗೆ ಕಾಣುವಂಥವಲ್ಲ. ಹೊಟ್ಟೆ ಒಂದಿಷ್ಟು ಗುಡುಗುಟ್ಟಿದರೆ ಸಾಕು, ಅದು ನನಗೆ ಕಾಲರಾದ ಮುನ್ನುಡಿ. ನನ್ನ ಹೆಂಡತಿ ಗಿರಿಜಾ ಬೇರೆ ಜಾತಿಯ ಪ್ರಾಣಿ. ರಾಯಚೂರಿನ ಬಿಸಿಲಲ್ಲಿ ಬಂಡಿಯ ಮುಂದೆ ನಿಂತು ಮಂಡಕ್ಕಿಯ ಮಂಡಾಳ ಒಗ್ಗರಣಿ ತಿಂದು, ಮೇಲೊಂದು ಮಿರ್ಚಿ ಕಡಿದು, ಅಲ್ಲೇ ಇಟ್ಟ ಕೊಡದ ನೀರು ಕುಡಿದು, "ನಿಮ್ಮ ಹೊಟ್ಟಿ ಏನು ಗಾಜಿನಾಗ ಮಾಡ್ಯಾರೇನ್ರೀ?" ಎಂದು ನನ್ನನ್ನೇ ಕೇಳುವವಳು.

ಈ ಬೇಸಿಗೆಯಲ್ಲಿ ಟೈಫಾಯ್ಡ್ ಬಂದದ್ದು ಅವಳಿಗೆ. ಇಷ್ಟು ವರ್ಷ ಬಾಗಿಲು ಕಾಯ್ದ ನನ್ನನ್ನು ಬಿಟ್ಟು ಅವಳನ್ನು ಹಿಡಿದ ಆ ಕ್ರಿಮಿಯ ಮೇಲೆ ನನಗೆ ಸಿಟ್ಟಿಗಿಂತ ಅವಮಾನವೇ ಹೆಚ್ಚಾಯಿತು. ಸಾಲ್ಮೊನೆಲ್ಲಾ ಎಂದು ಅದರ ಹೆಸರು. ಕರೆದರೆ ಪಕ್ಕದ ಮನೆಯ ಹುಡುಗಿ ಓಡಿಬರಬೇಕು, ಅಂಥ ಹೆಸರು.

"ರೋಗಿಗೆ ಕೊಡೋದನ್ನೆಲ್ಲ ಕುದಿಸಿ ಕೊಡಿ" ಎಂದರು ಡಾಕ್ಟರು. ನನ್ನಂಥವನಿಗೆ ಹೇಳಬಾರದ ಮಾತು ಅದು. ಅಡುಗೆಮನೆ ಮೊದಲ ಸಲ ನನ್ನ ಕೈಗೆ ಬಂದಿತ್ತು. ನೀರು ಕುದಿಸಿದೆ, ಚಮಚ ಕುದಿಸಿದೆ, ಲೋಟ ಕುದಿಸಿದೆ. ಕೊನೆಗೆ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಮೊಸರಿನ ಬಟ್ಟಲನ್ನೂ ಒಲೆಗೇರಿಸಿದೆ. ಅದು ಒಡೆದು, ಹಳದಿ ನೀರಿನಲ್ಲಿ ಬಿಳಿ ಉಂಡೆಗಳಾಗಿ ತೇಲಿತು.

"ಏನ್ರೀ ಅದು ವಾಸನಿ?" ಒಳಗಿನಿಂದ ಸಣ್ಣ ದನಿ.

"ಮೊಸರು ಕುದಿಸಾಕತ್ತೀನಿ."

ಹೋಗಿ ನೋಡಿದರೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಆ ಮೊಸರಿನ ವಿಷಯ ನಿಮಗೆ ಹೇಳಲೇಬೇಕು. ಮದುವೆಯಾಗಿ ದೇವದುರ್ಗದಿಂದ ಬರುವಾಗ ನಮ್ಮತ್ತೆ ಮಗಳ ಕೈಗೆ ಒಂದು ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪು ಹಾಕಿ ಕೊಟ್ಟಿದ್ದರು. ಅಂದಿನಿಂದ ಪ್ರತಿದಿನದ ಮೊಸರಿನಲ್ಲಿ ಒಂದು ಚಮಚ ನಾಳೆಗೆ ಉಳಿಯುತ್ತಲೇ ಬಂದಿತ್ತು. ಅತ್ತೆ ತೀರಿಕೊಂಡು ವರ್ಷಗಳಾದವು. ದೇವದುರ್ಗದ ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ. ಅತ್ತೆಯ ಮೊಸರು ಮಾತ್ರ ನಮ್ಮಲ್ಲಿ ದಿನವೂ ಹುಟ್ಟುತ್ತಿತ್ತು, ನಾನು ಗ್ಯಾಸ್ ಹಚ್ಚುವವರೆಗೆ.

ಜ್ವರ ಇಳಿದರೂ ಗಿರಿಜಾ ಉಣ್ಣಲಿಲ್ಲ. ಜೋಳದ ನುಚ್ಚು ಮಾಡಿ ಮುಂದಿಟ್ಟರೆ ತಟ್ಟೆ ಸರಿಸುತ್ತಿದ್ದಳು. ಕೈಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. "ಮಾತ್ರೆಗಳು ಕೆಟ್ಟ ಕ್ರಿಮಿಗಳ ಜೊತೆ ಒಳ್ಳೆಯವನ್ನೂ ಒಂದಷ್ಟು ಕೊಂದಿರ್ತಾವೆ, ಮೊಸರು ಕೊಡಿ" ಎಂದರು ಡಾಕ್ಟರು. ಹೊಟ್ಟೆಯೆಂಬುದು ನಾನು ತಿಳಿದಂತೆ ಕೋಟೆಯಲ್ಲ, ಓಣಿ; ಅಲ್ಲಿ ನಾಲ್ಕು ಪುಂಡರಿದ್ದರೆ ಉಳಿದವರೆಲ್ಲ ಸಂಸಾರಸ್ಥರು ಎಂಬುದು ನನಗೆ ಆಗ ಹೊಳೆಯಿತು. ಅಂಗಡಿಯಿಂದ ಪ್ಯಾಕೆಟ್ ಮೊಸರು ತಂದೆ. ಒಂದು ಚಮಚ ಬಾಯಿಗಿಟ್ಟು, "ಗೋಂದು ತಂದೀರಿ" ಎಂದು ಕಣ್ಣು ಮುಚ್ಚಿದಳು. ನನಗೆ ಕಾಲರಾ, ಟೈಫಾಯ್ಡ್ ಎಲ್ಲ ಮರೆತುಹೋಗಿ, ಖಾಲಿ ತಟ್ಟೆಯ ಭಯವೊಂದೇ ಉಳಿಯಿತು. ಇವಳು ಉಣ್ಣದಿದ್ದರೆ?

ಆಗ ನೆನಪಾದದ್ದು ಮಾನ್ವಿಯಲ್ಲಿರುವ ಅವಳ ತಂಗಿ ಶಾಂತಾ. ಆಕೆಗೂ ಮದುವೆಯಲ್ಲಿ ಅದೇ ತಾಯಿಯ ಅದೇ ಹೆಪ್ಪು ಹೋಗಿತ್ತಲ್ಲ! ಪಕ್ಕದ ಮನೆಯವರನ್ನು ಗಿರಿಜಾಳ ಬಳಿ ಕೂಡಿಸಿ, ಡಬ್ಬಿ ಕುದಿಸಿಕೊಂಡು ಬಸ್ಸು ಹತ್ತಿದೆ. ಬಸ್ಸು ತಡವಾಗಿ, ನಾನು ಅವರ ಮನೆ ಮುಟ್ಟುವಾಗ ಶಾಂತಾ ದೇವರ ಮುಂದೆ ದೀಪ ಹಚ್ಚಿ ಏಳುತ್ತಿದ್ದಳು.

"ದೀಪ ಹಚ್ಚಿದ ಮ್ಯಾಲ ಮಸರು ಮನಿ ದಾಟಂಗಿಲ್ಲ ಮಾಮಾ. ಅವ್ವ ಯಾವತ್ತೂ ಕೊಟ್ಟಿಲ್ಲ."

"ನಿಮ್ಮಕ್ಕ ಉಣವಲ್ಲಳು ಶಾಂತಾ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ದೀಪವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ. ಆಮೇಲೆ, "ಮೂಲಿ ಅಂಗಡ್ಯಾಗ ಹಾಲು ತರ್ರಿ" ಎಂದಳು. ತಂದುಕೊಟ್ಟೆ. ಕಾಸಿ, ಬೆರಳದ್ದಿ ನೋಡಿ, ನನ್ನ ಡಬ್ಬಿಗೆ ಸುರಿದು, ದೇವರ ಕಡೆ ಬೆನ್ನು ಮಾಡಿ ಒಂದು ಚಮಚ ಹೆಪ್ಪು ಬಿಟ್ಟಳು.

"ಹಾಲು ನಿಮ್ದು, ಡಬ್ಬಿ ನಿಮ್ದು. ಇನ್ನಾ ಮಸರಾಗಿಲ್ಲ. ಹಾದ್ಯಾಗ ಆದ್ರ ನಾ ಏನು ಮಾಡ್ಲಿ? ಅಲುಗಾಡಿಸಬ್ಯಾಡ್ರಿ ಮತ್ತ, ಕೂಸಿನಂಗ ಹಿಡ್ಕೋರಿ."

ಹಿಡಿದುಕೊಂಡೆ. ರಾಯಚೂರಿನವರೆಗೂ ಆ ಬೆಚ್ಚನೆಯ ಡಬ್ಬಿ ನನ್ನ ಮಡಿಲಲ್ಲಿತ್ತು. ರಸ್ತೆಯ ಪ್ರತಿ ಹಂಪ್‌ಗೂ ಸೀಟಿನಿಂದ ಅರ್ಧ ಎದ್ದು ನಿಲ್ಲುತ್ತಿದ್ದೆ. "ಏನ್ ಸರಾ, ಬಾಂಬ್ ಅದ ಏನು?" ಎಂದ ಕಂಡಕ್ಟರ್. ನೀವೇ ಹೇಳಿ, ಲೆಕ್ಕವಿಲ್ಲದಷ್ಟು ಕ್ರಿಮಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವುಗಳಲ್ಲಿ ಒಂದಕ್ಕೂ ಏನೂ ಆಗದಿರಲೆಂದು ಬೇಡಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಹೇಗೆ ಹೇಳಲಿ?

ಬೆಳಿಗ್ಗೆ ಮುಚ್ಚಳ ತೆಗೆದರೆ ಮೊಸರು ಗಟ್ಟಿಯಾಗಿತ್ತು. ಯಾವುದೋ ಹಂಪಿನ ನೆನಪಿಗೆ ಒಂದು ಕಡೆ ಬಿರುಕು ಬಿಟ್ಟಿತ್ತು, ಅಷ್ಟೇ. ನುಚ್ಚಿಗೆ ಕಲಸಿ ಕೊಟ್ಟೆ. ಗಿರಿಜಾ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ನುಂಗಲಿಲ್ಲ.

"ಹುಳಿ ಜಾಸ್ತಿ ಆಗ್ಯಾದ" ಎಂದಳು. "ಅವ್ವಂದೂ ಹಿಂಗಾ ಇರ್ತಿತ್ತು."

ಆಮೇಲೆ ತಟ್ಟೆಯನ್ನು ತಾನೇ ಹತ್ತಿರ ಎಳೆದುಕೊಂಡಳು. ತಟ್ಟೆ ಖಾಲಿಯಾದ ಮೇಲೆ, "ನಾಳಿಗೆ ಒಂದು ಚಮಚ ತಗದಿಡ್ರಿ. ಕುದಿಸಬ್ಯಾಡ್ರಿ" ಎಂದಳು.

ನೀರಿನ ಬಾಟಲಿಯನ್ನು ನಾನೇನೂ ಬಿಟ್ಟಿಲ್ಲ. ಆದರೆ ಹೊಟ್ಟೆ ಗುಡುಗುಟ್ಟಿದರೆ ಈಗ ಮೊದಲಿನಂತೆ ಬೆಚ್ಚಿಬೀಳುವುದಿಲ್ಲ. ಇಷ್ಟು ವರ್ಷ ಅದೇ ಮೊಸರು ಉಂಡವನಲ್ಲವೇ ನಾನೂ? ಅತ್ತೆ ಏನೋ ಹೇಳುತ್ತಿದ್ದಾರೆ ಎಂದುಕೊಂಡು, ಒಳ್ಳೆಯ ಅಳಿಯನಂತೆ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.