ಕೋಲು ಹಿಡಿದು ನಿಂತವನ ದನಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಕಲೆ ತೆಗೆಯುವ ಮೇಜಿನ ಹಿಂದೆ ಇಪ್ಪತ್ತಮೂರು ವರ್ಷದಿಂದ ನಿಂತವಳು ಒಬ್ಬಳೇ. ರಕ್ತಕ್ಕೆ ತಣ್ಣೀರು, ಮುಲಾಮಿಗೆ ಬಿಸಿನೀರು, ಅಯೋಡಿನ್ ಆದರೆ ಉಜ್ಜಲೇಬಾರದು, ಎಲ್ಲ ಅವಳಿಗೆ ಬಾಯಿಪಾಠ. ಮೇಸ್ತ್ರಿ ಹೊಸಬರಿಗೆ ಹೇಳುವುದಿತ್ತು: "ಆಯಮ್ಮನ ಮೇಜಿಂದ ಬಂದ ಹೊದಿಕೆ ನೋಡ್ರೋ. ಅದರಲ್ಲಿ ಯಾರಾದ್ರೂ ಮಲಗಿದ್ರು ಅಂತ ದೇವರಿಗೂ ಗೊತ್ತಾಗಲ್ಲ." ಅವಳಿಗೆ ಆ ಮಾತು ಕೇಳಿದರೆ ಹೊಟ್ಟೆ ತುಂಬುತ್ತಿತ್ತು.

ಅವಳಿಗೆ ಒಂದು ಹುಚ್ಚಿತ್ತು. ನಾಲ್ವರ ಒಂದು ರಾಕ್ ಬ್ಯಾಂಡು. ರೇಡಿಯೋದವರು ಮೂಸಿಯೂ ನೋಡದ ಸಂಗೀತ. ಆಲ್ಟರ್ನೇಟಿವ್ ರಾಕ್ ಅಂತ ಅದಕ್ಕೊಂದು ಹೆಸರು ಬೇರೆ. ಗಿಟಾರು ಗರಗಸದ ಹಾಗೆ ಕೊಯ್ಯುತ್ತದೆ. ಹಾಡುವವಳು ಗೋಡೆಯಾಚೆ ಕೇಳಬಾರದೆಂಬಂತೆ ಪಿಸುಗುಟ್ಟುತ್ತಾ ಇರುತ್ತಾಳೆ, ಇದ್ದಕ್ಕಿದ್ದಂತೆ ಗಂಟಲು ಹರಿಯುವ ಹಾಗೆ ಕೂಗುತ್ತಾಳೆ. ಕೇಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ "ಇದೂ ಒಂದು ಹಾಡೇನ್ರೀ?" ಅನ್ನುತ್ತಾರೆ. ಹತ್ತನೆಯವನು ಜೀವನಪೂರ್ತಿ ಹಾಳಾಗುತ್ತಾನೆ.

ಅವರ ಮನೆಯಲ್ಲಿ ಮೊದಲು ಹಾಳಾದವನು ತಮ್ಮ. ಅಪ್ಪ ತೀರಿಕೊಂಡ ವರ್ಷ ಎಲ್ಲಿಂದಲೋ ಒಂದು ಕ್ಯಾಸೆಟ್ ತಂದು ಅವಳ ಕಿವಿಗೆ ಹಿಡಿದಿದ್ದ. "ಕೇಳಕ್ಕಾ, ಇವರಿಗೂ ನಮ್ ಥರಾನೇ ಸಿಟ್ಟು ಬಂದಿದೆ." ಅವಳು ಕೇಳಿದಳು, ಅತ್ತಳು, ಆಮೇಲೆ ಆ ಕ್ಯಾಸೆಟ್ಟನ್ನು ಅವನಿಗೆ ವಾಪಸ್ ಕೊಡಲೇ ಇಲ್ಲ.

ಆ ಬ್ಯಾಂಡಿನವರದ್ದು ಒಂದು ಒಳ್ಳೆಯ ರೂಢಿ. ಶೋಗೆ ಬಂದವರು ರೆಕಾರ್ಡು ಮಾಡಿಕೊಳ್ಳಬಹುದು, ಒಬ್ಬರಿಗೊಬ್ಬರು ಹಂಚಿಕೊಳ್ಳಬಹುದು, ಮಾರುವಂತಿಲ್ಲ. ಹಾಗೆ ರೆಕಾರ್ಡು ಮಾಡುವವರದೇ ಒಂದು ಸಣ್ಣ ಬಳಗ, ಅವರದೇ ನೇಮ. ಮೈಕಿನ ಹತ್ತಿರ ನಿಂತವರು ಹಾಡಬಾರದು, ಚಪ್ಪಾಳೆ ತಟ್ಟಬಾರದು, ಕೆಮ್ಮು ಬಂದರೆ ನುಂಗಬೇಕು. ಬಳಗದಲ್ಲಿ ಇವಳಷ್ಟು ಮಡಿವಂತೆ ಇನ್ನೊಬ್ಬಳಿರಲಿಲ್ಲ. ಸುತ್ತ ಯಾರು ಉಸಿರೆತ್ತಿದರೂ "ಶ್ಶ್!" ಅಂತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಶ್ಶಕ್ಕ.

ಶ್ಶಕ್ಕನ ಹೆಗಲಿಗೆ ರೆಕಾರ್ಡರ್ ಚೀಲ, ಕಿವಿಗೆ ಹೆಡ್‌ಫೋನು. ಮೈಕು ಕಟ್ಟಿದ ಉದ್ದನೆಯ ಕೋಲು ತಮ್ಮನ ಕೈಯಲ್ಲಿ. ಅವನು ವೆಲ್ಡರ್, ಎತ್ತರದ ಆಳು, ಕಬ್ಬಿಣ ಎತ್ತಿ ಗಟ್ಟಿಯಾದ ತೋಳು. ಎರಡು ಗಂಟೆ ಆ ಕೋಲನ್ನು ಜನರ ತಲೆ ಮೇಲೆ ಎತ್ತಿ ಹಿಡಿದು ಅಲುಗಾಡದೆ ನಿಲ್ಲುತ್ತಿದ್ದ. ಇಪ್ಪತ್ತು ವರ್ಷ, ನಲವತ್ತೊಂದು ಶೋ. ಒಂದಕ್ಕೂ ತಪ್ಪಿಸಿದವನಲ್ಲ, ಕೈ ನೋವು ಅಂದವನಲ್ಲ.

ಅವನಿಗಿದ್ದದ್ದು ಒಂದೇ ರೋಗ. ಆ ಮೊದಲ ಕ್ಯಾಸೆಟ್ಟಿನ ಕೊನೆಯ ಹಾಡು ಬಂತೋ, ಮುಗಿಯಿತು, ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಹಾಡಿದರೆ ಹಾಡಲಿ, ಶ್ರುತಿಯಾದರೂ ಬೇಡವೇ? ಹಾಡುವವಳು ಪೂರ್ವಕ್ಕೆ ಹೋದರೆ ಇವನು ಪಶ್ಚಿಮಕ್ಕೆ. ನಿಂತಿರುವುದು ಮೈಕಿನ ಬುಡದಲ್ಲೇ, ಹಾಗಾಗಿ ಟೇಪಿನ ತುಂಬ ಅವನೇ.

"ನಿನ್ ಗಾರ್ದಭ ಗಾನ ಕೇಳೋಕೆ ನಾನಿಷ್ಟು ಕಷ್ಟಪಡ್ಬೇಕೇನೋ!"

"ಏನ್ಮಾಡ್ಲಕ್ಕಾ, ಬಂದ್ಬಿಡತ್ತೆ."

ಅವಳೇನು ಬಿಡುವವಳೇ? ಕಲೆ ತೆಗೆಯುವ ಕೈ. ಕಂಪ್ಯೂಟರಿನ ಮುಂದೆ ಕೂತು, ಅವನ ದನಿ ಬಂದ ಕಡೆಯೆಲ್ಲ ಕತ್ತರಿಸಿ, ಅಲ್ಲಿಗೆ ಬಳಗದವರು ಬೇರೆ ಊರಿನ ಶೋದಲ್ಲಿ ಮಾಡಿಕೊಂಡ ರೆಕಾರ್ಡಿನಿಂದ ಅದೇ ಸಾಲನ್ನು ತಂದು ಕೂರಿಸುತ್ತಿದ್ದಳು. ಒಂದು ಹಾಡಿಗೆ ಒಂದು ವಾರ ಹಿಡಿದರೂ ಸರಿ. ಕೆಲಸ ಮುಗಿದ ಮೇಲೆ ಮೂಲ ಟೇಪಿನ ಮೇಲೇ ಮುಂದಿನ ಶೋ. ಕಂಪ್ಯೂಟರಿನಲ್ಲಿ ಉಳಿದ ಕಚ್ಚಾ ರೆಕಾರ್ಡನ್ನೂ ಅಳಿಸುತ್ತಿದ್ದಳು. ಕೊಳೆ ಬಟ್ಟೆ ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? "ಶ್ಶಕ್ಕನ ರೆಕಾರ್ಡು ಅಂದ್ರೆ ಒಂದು ಕೆಮ್ಮೂ ಇರಲ್ಲ" ಎಂದು ಬಳಗದವರು ಹೊಗಳಿ ಅಟ್ಟಕ್ಕೇರಿಸಿದರು. ಅವಳು ಹತ್ತಿ ಕೂತಳು.

ಹೋದ ವರ್ಷ ಒಂದು ಮಧ್ಯಾಹ್ನ ತಮ್ಮ ವರ್ಕ್‌ಶಾಪಿನಲ್ಲಿ ಎದೆ ಉರಿ ಅಂತ ಒಂದು ಡಬ್ಬದ ಮೇಲೆ ಕೂತ. ಕೂತವನು ಏಳಲಿಲ್ಲ. ಮೂವತ್ತೊಂಬತ್ತು ವಯಸ್ಸು. ಅವನನ್ನು ತಂದದ್ದು ಇವಳದೇ ಆಸ್ಪತ್ರೆಗೆ. ಹೊದಿಸಿದ ಬಿಳಿ ಬಟ್ಟೆ ಇವಳ ಮೇಜಿನಿಂದಲೇ ಹೋದದ್ದು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಉಳಿದವರು ಅವಳೂ ಅಮ್ಮನೂ. ಅಮ್ಮನಿಗೆ ಕಣ್ಣು ಹೋಗಿ ಆರು ವರ್ಷ. ನೆಂಟರು ತಮ್ಮನ ಫೋಟೋಗೆ ಕಟ್ಟು ಹಾಕಿಸಿ ತಂದರು. ಅಮ್ಮ ಗಾಜನ್ನು ಸವರಿ ಪಕ್ಕಕ್ಕಿಟ್ಟಳು. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಟೀ ಕುಡಿಯುತ್ತಾ ಅಂದಳು:

"ಅವನ ದನಿ ಮರೆತು ಹೋಗ್ತಾ ಇದೆ ಕಣೆ. ನಿನ್ನೆಯಿಂದ ನೆನಪು ಮಾಡ್ಕೋತಿದೀನಿ, ಬರ್ತಾ ಇಲ್ಲ. ಅವನ ಮುಖ ಹೇಗೂ ಹೋಯ್ತು, ದನಿಯೂ ಹೋದ್ರೆ ನಂಗೇನುಳೀತು? ನಿನ್ನ ಹತ್ರ ಅಷ್ಟೊಂದು ರೆಕಾರ್ಡು ಇದ್ಯಲ್ಲ, ಅವನಿರೋದು ಒಂದು ಹಾಕು."

ಅವಳು ಲೋಟ ಕೆಳಗಿಟ್ಟಳು. "ಹುಡುಕ್ತೀನಮ್ಮಾ" ಅಂದಳು.

ಏನನ್ನು ಹುಡುಕುವುದು? ವೆಲ್ಡಿಂಗ್ ಕಿಡಿಗೆ ಸುಟ್ಟೀತೆಂದು ಅವನು ಇಟ್ಟುಕೊಂಡಿದ್ದದ್ದು ಗುಂಡಿ ಒತ್ತುವ ಹಳೇ ಫೋನು. ವಿಡಿಯೋ ಎಂದರೆ ಮಾರು ದೂರ ಓಡುತ್ತಿದ್ದ. ಅವನು ಮನಬಿಚ್ಚಿ ಬಾಯಿಬಿಟ್ಟದ್ದು ಆ ಕೋಲಿನ ಕೆಳಗೆ ಮಾತ್ರ. ಕೆಲಸದಿಂದ ಬಂದು ದಿನಾ ಸಂಜೆ ಕೂತಳು. ಒಂದೊಂದೇ ಶೋ, ಮೊದಲಿಂದ ಕೊನೆವರೆಗೆ. ಎಲ್ಲಾದರೂ ಒಂದು ಅಕ್ಷರ, ಒಂದು ನಗು, ಕತ್ತರಿಸುವಾಗ ಕೈತಪ್ಪಿ ಉಳಿದ ಒಂದು ಚೂರು? ಇಲ್ಲ. ಎಲ್ಲ ಶುದ್ಧ, ಚೊಕ್ಕಟ. ತಾನು ತೇಪೆ ಹಾಕಿದ ಜಾಗ ತನಗೇ ಗೊತ್ತಾಗುತ್ತಿರಲಿಲ್ಲ. ಎಂಥಾ ಪಾಪಿ ಕೈ ನಂದು ಅಂತ ಕೆನ್ನೆಗೆ ತಾನೇ ಎರಡು ಬಾರಿಸಿಕೊಂಡಳು.

ಆ ನಡುವೆ ಬ್ಯಾಂಡಿನವರು ಶೋ ಕೊಡಲು ಊರಿಗೆ ಬಂದರು. ಅವಳು ಹೋದಳು, ಕೋಲನ್ನು ಕಂಬಿಗೆ ಕಟ್ಟಿದಳು. ಅವನ ಹಾಡು ಬಂದಾಗ ಇವತ್ತಾದರೂ ಅವನ ಪರವಾಗಿ ಹಾಡೋಣ ಅಂತ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹಾಡಿದವಳಲ್ಲ.

ಆವತ್ತು ಅವಳ ಪಕ್ಕ ನಿಂತದ್ದು ಬೇಕರಿಯವರು. ಬಳಗದಲ್ಲಿ ಎಲ್ಲರಿಗಿಂತ ಹಿರಿಯರು, ಶೋಗೂ ಮೈದಾ ಮೆತ್ತಿದ ಷರಟಿನಲ್ಲೇ ಬರುವವರು. ಅವಳು ವಿಷಯ ಹೇಳಿದಳು. ಅವರು ಮಾರನೆಯ ದಿನ ಅಂಗಡಿಗೆ ಬರಹೇಳಿ, ಬಿಸ್ಕತ್ತಿನ ಡಬ್ಬದಿಂದ ಒಂದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ಮೊದಲನೇ ಶೋದು. ಪ್ರತಿ ಮಾಡ್ಕೊಂಡು ಕೊಡ್ತೀನಿ ಅಂತ ಇಸ್ಕೊಂಡು ಆಮೇಲೆ ಕಳೆದುಹೋಯ್ತು ಅಂದಿದ್ನಲ್ಲ ತಾಯಿ, ಅದು. ಕಳೆದಿರ್ಲಿಲ್ಲ. ಅವತ್ತು ಅವರು ನುಡಿಸಿದ್ದು ಇನ್ನೆಲ್ಲೂ ಇಲ್ಲ, ಆಸೆ ಬಿದ್ದು ಇಟ್ಕೊಂಡ್ಬಿಟ್ಟೆ. ಬೈಯಿ, ಹೊಡಿ, ಏನಾದ್ರೂ ಮಾಡು."

ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದಳು ಆಗ, ಅದೇ ಟೇಪಿಗಾಗಿ. ಈಗ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನೀವು ಕದ್ದಿದ್ದೇ ಒಳ್ಳೇದಾಯ್ತಣ್ಣ. ನನ್ನ ಕೈಲಿದ್ದಿದ್ರೆ ತೊಳೆದಾಕಿಬಿಡ್ತಿದ್ದೆ."

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಅಮ್ಮನನ್ನು ಪಕ್ಕ ಕೂರಿಸಿಕೊಂಡು ಟೇಪು ಹಾಕಿದಳು. ಮೊದಲು ಜನರ ಗದ್ದಲ. ಗಿಟಾರಿನ ತಂತಿ ಬಿಗಿಯುವ ಸದ್ದು. ಆಮೇಲೆ ಹತ್ತಿರದಲ್ಲೇ, ಮೈಕಿನ ಬುಡದಲ್ಲೇ, ಯಾರೋ ಗುನುಗಲು ಶುರುಮಾಡಿದ ಹಾಗೆ, ಎರಡು ಚಣ. ತಕ್ಷಣ ಇನ್ನೊಂದು ದನಿ, ಎಳೆಯದು, ಚುರುಕಾಗಿ ಕುಟುಕುವಂಥದ್ದು:

"ಶ್ಶ್! ಬಾಯ್ಮುಚ್ಕೊಂಡು ನಿಂತ್ಕೋ. ಟೇಪ್ ಹಾಳಾಗತ್ತೆ."

"ಆಯ್ತಕ್ಕಾ."

ಅಷ್ಟೇ. ಆಮೇಲೆ ಒಂದೂವರೆ ಗಂಟೆ ಬ್ಯಾಂಡು. ಕೊನೆಗೆ ಅವನ ಹಾಡೂ ಬಂತು. ಸಭಾಂಗಣಕ್ಕೆ ಸಭಾಂಗಣವೇ ಹಾಡಿತು. ಅವಳು ಸ್ಪೀಕರಿಗೆ ಕಿವಿ ಹಚ್ಚಿ "ಹಾಡೋ, ಹಾಡೋ" ಅಂತ ಗೋಗರೆದಳು. ಅವನು ಹಾಡಲಿಲ್ಲ. ಅವತ್ತು ಮೊದಲನೇ ಶೋ, ಹತ್ತೊಂಬತ್ತರ ಹುಡುಗ, ಅಕ್ಕ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಆಮೇಲಿನ ಶೋಗಳಲ್ಲಿ ಮಾತು ಮೀರಿದ್ದನಲ್ಲ, ಅದನ್ನೆಲ್ಲ ಅವಳೇ ಅಳಿಸಿದ್ದಳು.

ಅಮ್ಮ ಸ್ಪೀಕರಿನ ಕಡೆ ಕೈ ಚಾಚಿದಳು. "ಅವನೇ ಕಣೆ" ಅಂದಳು. "ಶುರುವಿಂದ ಹಾಕು."

ಮೂರು ಸಲ ಹಾಕಿದಳು. ನಾಲ್ಕನೆಯ ಸಲಕ್ಕೆ ತನ್ನ ದನಿ ತನಗೇ ಸಹಿಸಲಾಗದೆ ಅದನ್ನು ಕಂಪ್ಯೂಟರಿಗೆ ಇಳಿಸಿ ಹೆಡ್‌ಫೋನು ಹಾಕಿಕೊಂಡಳು. ಗುಂಡಿಗಳ ಟಕಟಕ ಕೇಳಿ ಅಮ್ಮ ಅವಳ ಮೊಣಕೈ ಹಿಡಿದು ಕೇಳಿದಳು, "ಏನ್ಮಾಡ್ತಿದೀಯೇ?"

"ನಾನು ಬೈದಿದ್ದನ್ನ ತೆಗೆದುಬಿಡ್ತೀನಮ್ಮಾ. ಅವನ ಮಾತೊಂದೇ ಇರ್ಲಿ."

"ಬೇಡ ಬಿಡು. ನೀನು ಅನ್ನದಿದ್ರೆ ಅವನು ಆಯ್ತಕ್ಕಾ ಅಂತ ಯಾರಿಗಂತಾನೆ?"

ಅವಳು ಕೈ ತೆಗೆದಳು. ಈಗ ದಿನಾ ಸಂಜೆ ಅವಳು ಕೆಲಸದಿಂದ ಬಂದು ಕೈಕಾಲು ತೊಳೆದ ಮೇಲೆ ಅಮ್ಮ ಅದನ್ನು ಹಾಕಿಸಿಕೊಳ್ಳುತ್ತಾಳೆ. ಅಕ್ಕ ಬಾಯಿ ಮುಚ್ಚು ಅನ್ನುತ್ತಾಳೆ, ತಮ್ಮ ಆಯಿತು ಅನ್ನುತ್ತಾನೆ, ಅಮ್ಮ ಇನ್ನೊಂದು ಸಲ ಅನ್ನುತ್ತಾಳೆ.